ಮಲೇರಿಯಾ ಮತ್ತು ಜೀನ್: ರೋಗಿಗಳನ್ನು ಯಾರ ಜೊತೆ ಹೋಲಿಸಬೇಕು?

ಮಳೆ ಹಿಡಿಯಿತೆಂದರೆ ಮಂಗಳೂರಿನಲ್ಲಿ ಮಲೇರಿಯಾ ಜಾಸ್ತಿ. ಕಟ್ಟಡದ ಸೈಟಿನಲ್ಲಿ ಒಂದೇ ಶೆಡ್ಡಿನಲ್ಲಿ ಮಲಗುವ ಇಬ್ಬರಿಗೆ ಜ್ವರ ಬರುತ್ತದೆ. ಒಬ್ಬ ಬೇಗ ಚೇತರಿಸಿಕೊಳ್ಳುತ್ತಾನೆ, ಇನ್ನೊಬ್ಬನ ಪ್ಲೇಟ್‌ಲೆಟ್ ಕುಸಿದು ಐಸಿಯು ಸೇರುತ್ತಾನೆ. ಇದಕ್ಕೆ ಅವರವರ ರೋಗನಿರೋಧಕ ಜೀನ್‌ಗಳೂ ಕಾರಣವೇ ಎಂದು ನೋಡಲು ನಾನು ಟಿಎನ್‌ಎಫ್ (ಸೋಂಕು ತಗುಲಿದಾಗ ದೇಹ ಹೊರಬಿಡುವ, ಉರಿಯೂತ ಉಂಟುಮಾಡುವ ಒಂದು ಪ್ರೋಟೀನ್) ಜೀನನ್ನು ಆರಿಸಿಕೊಂಡೆ.

ಮಲೇರಿಯಾ ರೋಗಾಣುವನ್ನು ಹತೋಟಿಯಲ್ಲಿಡಲು ಟಿಎನ್‌ಎಫ್ ಬೇಕು. ಅತಿಯಾದರೆ ರೋಗಿಗೇ ಅಪಾಯ. ಈ ಜೀನ್ ಓದಲು ಶುರುವಾಗುವ ಜಾಗದಿಂದ 308 ಅಕ್ಷರ ಹಿಂದೆ, ಡಿಎನ್‌ಎಯಲ್ಲಿ ಹೆಚ್ಚಿನವರಿಗೆ ಜಿ ಅಕ್ಷರ, ಕೆಲವರಿಗೆ ಎ. ತಂದೆ ತಾಯಿ ಇಬ್ಬರಿಂದಲೂ ಎ ಪಡೆದ, ಆಫ್ರಿಕಾದ ಗ್ಯಾಂಬಿಯಾದ ಮಕ್ಕಳಲ್ಲಿ ಮಿದುಳಿನ ಮಲೇರಿಯಾ ಜಾಸ್ತಿ ಎಂದು 1994ರಲ್ಲಿ ವರದಿಯಾಗಿತ್ತು. ಅಲ್ಲಿನ ಮಲೇರಿಯಾ ರೋಗಾಣು ಫಾಲ್ಸಿಪಾರಂ ಜಾತಿಯದು, ನಮ್ಮಲ್ಲಿ ಹೆಚ್ಚಿನದು ವೈವಾಕ್ಸ್ ಎಂಬ ಬೇರೆ ಜಾತಿ. ಹಾಗಾಗಿ ಇಲ್ಲಿಯೇ ನೋಡಬೇಕಿತ್ತು.

ಲ್ಯಾಬಿನ ಕೆಲಸ ಸರಳ. ರಕ್ತದಿಂದ ಡಿಎನ್‌ಎ ತೆಗೆದು, ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡಿನ ಅಸಂಖ್ಯ ನಕಲು ಮಾಡುವ ವಿಧಾನ) ಈ ಜಾಗವಿರುವ 107 ಅಕ್ಷರದ ತುಂಡನ್ನು ಬೆಳೆಸಿ, ನಿರ್ದಿಷ್ಟ ಅಕ್ಷರಜೋಡಣೆ ಇದ್ದಲ್ಲಿ ಮಾತ್ರ ಡಿಎನ್‌ಎ ಕತ್ತರಿಸುವ ಎನ್‌ಕೋ-ಒನ್ ಕಿಣ್ವ ಹಾಕುತ್ತೇವೆ. ಜಿ ಇದ್ದರೆ ತುಂಡು 87 ಮತ್ತು 20 ಅಕ್ಷರದ ಎರಡು ಚೂರುಗಳಾಗುತ್ತದೆ, ಎ ಇದ್ದರೆ ಹಾಗೇ ಉಳಿಯುತ್ತದೆ. ಚೂರುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓದುವವರಿಗೆ ಯಾವುದು ಯಾರ ಮಾದರಿ ಎಂದು ಹೇಳುತ್ತಿರಲಿಲ್ಲ.

ನಿಜವಾದ ಕಷ್ಟ ಕಂಟ್ರೋಲ್ ಗುಂಪಿನದು, ಅಂದರೆ ರೋಗಿಗಳ ಜೊತೆ ಹೋಲಿಸಲು ಬೇಕಾದ ರೋಗವಿಲ್ಲದವರದು. ಕಾಲೇಜಿನ ವಿದ್ಯಾರ್ಥಿಗಳ ರಕ್ತ ಸುಲಭವಾಗಿ ಸಿಗುತ್ತದೆ. ಆದರೆ ನಮ್ಮ ರೋಗಿಗಳಲ್ಲಿ ಬಂಗಾಳದವರು, ಜಾರ್ಖಂಡ್‌ನವರು, ರಾಯಚೂರು ಕಡೆಯವರು ಇದ್ದರು. ಎ ಅಕ್ಷರ ಎಷ್ಟು ಜನರಲ್ಲಿದೆ ಎಂಬುದು ಜನಸಮುದಾಯದಿಂದ ಜನಸಮುದಾಯಕ್ಕೆ ಬೇರೆ. ಬಂಗಾಳದ ರೋಗಿಯನ್ನು ಉಡುಪಿಯ ವಿದ್ಯಾರ್ಥಿಯ ಪಕ್ಕ ಇಟ್ಟರೆ ಕಾಣುವುದು ಮಲೇರಿಯಾದ ವ್ಯತ್ಯಾಸವೋ, ಮೂಲದ ವ್ಯತ್ಯಾಸವೋ? ಅಲ್ಲದೆ ಆ ವಿದ್ಯಾರ್ಥಿಗೆ ಸೊಳ್ಳೆಯೇ ಕಚ್ಚಿರದಿದ್ದರೆ ಅವನು ಆರೋಗ್ಯವಾಗಿರುವುದಕ್ಕೆ ಜೀನ್ ಕಾರಣ ಅಲ್ವಲ್ಲ.

ಅದಕ್ಕೇ ಸಂಜೆ ಕೆಲಸ ಬಿಡುವ ಹೊತ್ತಿಗೆ ರೋಗಿಗಳ ಸೈಟಿಗೇ ಹೋದೆವು. ಅದೇ ಶೆಡ್ಡಿನವರು, ಅದೇ ಕಡೆಯಿಂದ ಬಂದವರು, ಆ ಮಳೆಗಾಲದಲ್ಲಿ ಜ್ವರ ಬಾರದವರು ಬೇಕಿತ್ತು. ತಂದೆ ತಾಯಿಯ ಊರನ್ನೂ ಕೇಳಿ ಬರೆದುಕೊಂಡೆವು.

“ರಕ್ತ ಕೊಟ್ರೆ ಇವ್ರು ನಾಳೆ ಕೆಲಸಕ್ಕೆ ಬರ್ತಾರಾ ಡಾಕ್ಟ್ರೇ?” ಎಂದು ಮೇಸ್ತ್ರಿ ಕೇಳಿದರು. 2 ಮಿಲಿ ಲೀಟರಿನ ಟ್ಯೂಬ್ ತೋರಿಸಿದ ಮೇಲೆ ಸಮಾಧಾನವಾಯಿತು. ಕೆಲಸಗಾರರಿಗೆ ಮಾತ್ರ ನಿಧಾನವಾಗಿ ಹಿಂದಿಯಲ್ಲಿ ವಿವರಿಸಿದೆವು: ಈ ಪರೀಕ್ಷೆಯಿಂದ ನಿಮಗೆ ನೇರ ಲಾಭವಿಲ್ಲ, ಬೇಡ ಅನ್ನಬಹುದು. ಕೆಲವರು ಬೇಡ ಎಂದರು. ಅವರನ್ನು ಮೇಸ್ತ್ರಿಯಿಂದ ಒತ್ತಾಯ ಮಾಡಿಸಲಿಲ್ಲ.

ರಕ್ತ ಕೊಟ್ಟ ಎಲ್ಲರ ಸ್ಮಿಯರನ್ನು (ಗಾಜಿನ ಮೇಲೆ ಸವರಿದ ರಕ್ತ) ಅಂದೇ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಜ್ವರವಿಲ್ಲದಿದ್ದರೂ ರೋಗಾಣು ಕಂಡವರನ್ನು ಕಂಟ್ರೋಲ್ ಗುಂಪಿನಿಂದ ತೆಗೆದು, ತಡಮಾಡದೆ ಚಿಕಿತ್ಸೆಗೆ ಕಳಿಸಿದೆವು.