ರಸೀದಿಯ ಕೊನೆ ಸಾಲಿನ ನಂಬರು

ಮದ್ದೂರು ತಾಲ್ಲೂಕಿನ ಒಂದು ಹಳ್ಳಿ ಡೈರಿಯಿಂದ ಬೆಳಗ್ಗೆ ಆರೂವರೆಗೆ ಫೋನ್ ಬಂತು. ಕಾರ್ಯದರ್ಶಿಗಳು. "ಸಾರ್, ಫೀಡ್ ದುಡ್ಡು ಎರಡೆರಡು ಸಲ ಹಿಡಕಬುಟ್ಟದೆ. ಜನ ಎಲ್ಲಾ ಇಲ್ಲೇ ನಿಂತವ್ರೆ. ಏನಂತ ಹೇಳ್ಲಿ?" ಅವತ್ತು ಬಟವಾಡೆ ದಿನ.

ಆ ತಪ್ಪನ್ನು ನಾವು ಮೂರು ತಿಂಗಳ ಹಿಂದೆಯೇ ಸರಿಮಾಡಿದ್ದೆವು. ಸರಿಮಾಡಿದ್ದು ಮತ್ತೆ ಹೇಗೆ ಬಂತು?

ನಾವು ಮೂರು ಜನ. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮಹಡಿ ಮೇಲೆ ಕೂತು ಹಾಲಿನ ಸಂಘಗಳ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡುತ್ತೇವೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ದರ ಹಾಕಬೇಕು, ರಸೀದಿ ಕೊಡಬೇಕು. ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ತೆಗೆದು, ಸಾಲಕ್ಕೆ ಕೊಟ್ಟ ಫೀಡ್, ಅಂದರೆ ಪಶು ಆಹಾರದ ಹಣ ಹಿಡಿಯಬೇಕು. ಆಗ ನಮ್ಮ ಕಂಪ್ಯೂಟರ್‌ಗಳಲ್ಲಿ 'ಡೈರಿ', 'ಡೈರಿ ಹೊಸದು', 'ಡೈರಿ ಫೈನಲ್', 'ಡೈರಿ ಫೈನಲ್ ಮದ್ದೂರು' ಅಂತ ಫೋಲ್ಡರ್‌ಗಳಿದ್ದವು. ತಪ್ಪು ಸರಿಮಾಡಿದ್ದು ಒಂದು ಫೋಲ್ಡರ್‌ನಲ್ಲಿ. ಮುಂದಿನ ಸಲ ಹೋಗಿ ಹಾಕಿ ಬಂದಿದ್ದು ಇನ್ನೊಂದರಿಂದ. ಆ ಡೈರಿಯಲ್ಲಿ ಓಡುತ್ತಿರುವ ಕೋಡ್ ಯಾವುದು ಅಂತ ನಮ್ಮಲ್ಲಿ ಒಬ್ಬರಿಗೂ ಹೇಳಲು ಆಗಲಿಲ್ಲ. ತಪ್ಪಿಗಿಂತ ನನಗೆ ಜಾಸ್ತಿ ನೋವಾಗಿದ್ದು ಅದಕ್ಕೆ. ಜನರ ದುಡ್ಡಿನ ಲೆಕ್ಕ ಅಲ್ವಾ.

ಆ ವಾರವೇ ಎಲ್ಲವನ್ನೂ ಗಿಟ್‌ಗೆ ಹಾಕಿದೆವು. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡಲು, ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸಕ್ಕಾಗಿ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಸಾಧನ ಅದು. ನಮ್ಮಲ್ಲೊಬ್ಬರಿಗೆ ಮೊದಲೇ ಸಬ್‌ವರ್ಶನ್ ಅನ್ನುವ ಅಂಥದ್ದೇ ಇನ್ನೊಂದು ಸಾಧನ ಚೆನ್ನಾಗಿ ಗೊತ್ತಿತ್ತು. ಆದರೆ ಅದರಲ್ಲಿ ಕಮಿಟ್ ಮಾಡಲು, ಅಂದರೆ ಒಂದು ಬದಲಾವಣೆಯನ್ನು ಸಂದೇಶದ ಜೊತೆ ದಾಖಲಿಸಲು, ಸರ್ವರ್ ಸಿಗಬೇಕು. ನಾವು ಎಷ್ಟೋ ಸಲ ಹಳ್ಳಿ ಡೈರಿಯ ಬೆಂಚಿನ ಮೇಲೆ ಕೂತು ಕೆಲಸ ಮಾಡುತ್ತೇವೆ, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಗಿಟ್‌ನಲ್ಲಿ ಇಡೀ ಇತಿಹಾಸ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಅಲ್ಲೇ ಕಮಿಟ್ ಮಾಡಿ, ಮಂಡ್ಯದಲ್ಲಿ ರೈಲು ಹತ್ತಿದ ಮೇಲೆ ಪುಶ್ ಮಾಡಿದರಾಯಿತು, ಅಂದರೆ ಸರ್ವರ್‌ಗೆ ಕಳಿಸಿದರಾಯಿತು.

ಕಮಿಟ್ ಸಂದೇಶಗಳನ್ನು ನಾವು ಕನ್ನಡದಲ್ಲೇ ಬರೆಯುತ್ತೇವೆ. ಗಿಟ್‌ಗೆ ಯೂನಿಕೋಡ್ ಕನ್ನಡದಿಂದ ಏನೂ ತೊಂದರೆ ಇಲ್ಲ. ಕಡತಗಳ ಹೆಸರು ಕನ್ನಡದಲ್ಲಿದ್ದರೆ ಮಾತ್ರ ಸ್ಟೇಟಸ್ ನೋಡುವಾಗ ಅಕ್ಷರದ ಬದಲು ಅಂಕಿಗಳ ಸಾಲು ಕಾಣುತ್ತದೆ. 'ಕೋರ್ ಕೋಟ್‌ಪಾತ್' ಅನ್ನುವ ಸೆಟ್ಟಿಂಗನ್ನು 'ಫಾಲ್ಸ್' ಮಾಡಿ, ಸರಿಹೋಗುತ್ತದೆ. ಹಳೆ ರಸೀದಿ ನಮೂನೆಗಳು ನುಡಿ ಫಾಂಟಿನಲ್ಲಿದ್ದವು. ಅವು ಡಿಫ್‌ನಲ್ಲಿ (ಯಾವ ಸಾಲು ಬದಲಾಗಿದೆ ಅಂತ ತೋರಿಸುವ ಪಟ್ಟಿಯಲ್ಲಿ) ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ, ಅದನ್ನೇ ಒಂದು ಪ್ರತ್ಯೇಕ ಕಮಿಟ್ ಮಾಡಿದೆವು. ಜೊತೆಗೆ ಬೇರೆ ಒಂದು ಸಾಲನ್ನೂ ಮುಟ್ಟಲಿಲ್ಲ. ಅಂಥ ದೊಡ್ಡ ಬದಲಾವಣೆಯೊಳಗೆ ಲೆಕ್ಕದ ಬದಲಾವಣೆ ಸೇರಿಕೊಂಡರೆ ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಶುರುವಿನಲ್ಲಿ ಒಂದು ಎಡವಟ್ಟೂ ಆಯಿತು. ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದ ಡೇಟಾಬೇಸ್ ಕಡತ ಕಮಿಟ್ ಆಗಿಹೋಗಿತ್ತು. ಅದರಲ್ಲಿ ಉತ್ಪಾದಕರ ಬ್ಯಾಂಕ್ ಖಾತೆ ನಂಬರುಗಳಿದ್ದವು. ಮರುದಿನ ಅಳಿಸಿ ಕಮಿಟ್ ಮಾಡಿದರೆ ಸಾಲದು, ಹಳೆ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ. 'ಫಿಲ್ಟರ್ ರೆಪೊ' ಅನ್ನುವ ಸಾಧನ ಓಡಿಸಿ ಇತಿಹಾಸದಿಂದಲೇ ತೆಗೆದೆವು. ಆಗ ಅದಾದ ಮೇಲಿನ ಕಮಿಟ್‌ಗಳ ಗುರುತೆಲ್ಲ ಬದಲಾಗುತ್ತದೆ. ಹಾಗಾಗಿ ಮೂವರೂ ಹಳೆ ಪ್ರತಿ ಅಳಿಸಿ ಹೊಸದಾಗಿ ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡೆವು. ಗಿಟ್‌ಗೆ ಸೇರಬಾರದ ಕಡತಗಳನ್ನು ಪಟ್ಟಿ ಮಾಡುವ 'ಗಿಟ್ ಇಗ್ನೋರ್' ಕಡತವನ್ನು ಮೊದಲ ದಿನವೇ ಬರೆದಿಡಿ.

ಇನ್ನು ಬಿಡುಗಡೆ. ನಮ್ಮ ಕಟ್ಟುನಿಟ್ಟೆಲ್ಲ ಇಲ್ಲೇ ಇರುವುದು. ಟ್ಯಾಗ್ (ಒಂದು ಕಮಿಟ್‌ಗೆ ಅಂಟಿಸಿದ ಆವೃತ್ತಿಯ ಹೆಸರು) ಇಲ್ಲದ ಕೋಡ್ ಯಾವ ಡೈರಿಗೂ ಹೋಗುವ ಹಾಗಿಲ್ಲ. ಇನ್‌ಸ್ಟಾಲರ್ ತಯಾರಾಗುವಾಗ 'ಗಿಟ್ ಡಿಸ್ಕ್ರೈಬ್' ಕೊಡುವ ಹೆಸರನ್ನು ಪ್ರೋಗ್ರಾಂ ಒಳಗೆ ಸೇರಿಸುತ್ತೇವೆ. ಸರಿಯಾಗಿ ಟ್ಯಾಗ್ ಮೇಲೇ ಇದ್ದರೆ ಬರೀ ಟ್ಯಾಗಿನ ಹೆಸರು ಬರುತ್ತದೆ. ಆಮೇಲೆ ಕಮಿಟ್‌ಗಳಾಗಿದ್ದರೆ ಎಷ್ಟು ಅನ್ನುವ ಲೆಕ್ಕ, ಕಮಿಟ್ ಗುರುತಿನ ಮೊದಲ ಕೆಲವು ಅಕ್ಷರ ಜೊತೆಗೆ ಅಂಟಿಕೊಳ್ಳುತ್ತವೆ. ಅಂಥ ಬಾಲ ಕಂಡರೆ ಇನ್‌ಸ್ಟಾಲರ್ ತಯಾರಾಗುವುದೇ ಇಲ್ಲ, ಹಾಗೆ ಬರೆದಿದ್ದೇವೆ. ಆ ನಂಬರು ಪ್ರತಿ ರಸೀದಿಯ ಕೊನೆ ಸಾಲಿನಲ್ಲಿ ಸಣ್ಣದಾಗಿ ಅಚ್ಚಾಗುತ್ತದೆ. ಹೊಸ ಆವೃತ್ತಿ ಮೊದಲು ಒಂದೇ ಡೈರಿಗೆ ಹೋಗುತ್ತದೆ. ಅಲ್ಲಿ ಒಂದು ಬಟವಾಡೆ ಸರಿಯಾಗಿ ಮುಗಿದ ಮೇಲೇ ಉಳಿದವರಿಗೆ.

ಈ ಕೊನೆ ಸಾಲು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದು 2.4.0 ಆವೃತ್ತಿ ಹಾಕಿದ ಮೂರನೇ ದಿನ ಗೊತ್ತಾಯಿತು. ಮೊದಲ ಡೈರಿಯಲ್ಲಿ ನಾನೇ ಇದ್ದೆ. ಒಬ್ಬರು ಅಜ್ಜಿ ಕ್ಯಾನು ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ, ಮಡಚಿಟ್ಟ ಹಳೆ ರಸೀದಿ ತೆಗೆದರು. "ಅವತ್ತೂ ಫ್ಯಾಟು ಇಷ್ಟೇ, ಇವತ್ತೂ ಇಷ್ಟೇ. ದುಡ್ಡು ಯಾಕಪ್ಪ ಕಮ್ಮಿ ಆಗದೆ?" ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಫ್ಯಾಟ್ 4.35. ಎಸ್‌ಎನ್‌ಎಫ್ ಕೂಡ ಒಂದೇ. ಲೀಟರ್ ದರ ಮಾತ್ರ ಬೇರೆ. ಕೊನೆ ಸಾಲಿನಲ್ಲಿ ಹಳೆಯದಕ್ಕೆ 2.3.0, ಹೊಸದಕ್ಕೆ 2.4.0. ಅಜ್ಜಿಗೆ ಹೇಳಿದೆ: "ಅವ್ವ, ನೀವು ಹೇಳ್ತಿರೋದು ಸರಿ. ತಪ್ಪು ನಮ್ಮದು, ನೋಡ್ತೀನಿ."

ಎರಡು ಟ್ಯಾಗ್‌ಗಳ ನಡುವೆ 61 ಕಮಿಟ್ ಇದ್ದವು. ಒಂದೊಂದನ್ನೇ ಓದುತ್ತಾ ಕೂರುವ ಅಗತ್ಯ ಇಲ್ಲ. 'ಗಿಟ್ ಬೈಸೆಕ್ಟ್'ಗೆ 2.3.0 ಸರಿ, 2.4.0 ತಪ್ಪು ಅಂತ ಹೇಳಿದರೆ ಅದು ಮಧ್ಯದ ಕಮಿಟ್ ತೆರೆದುಕೊಡುತ್ತದೆ. ಅದನ್ನು ಪರೀಕ್ಷಿಸಿ ಸರಿಯೋ ತಪ್ಪೋ ಹೇಳಿದರೆ, ಉಳಿದ ಅರ್ಧದ ಮಧ್ಯಕ್ಕೆ ಹೋಗುತ್ತದೆ. 61ಕ್ಕೆ ಹೆಚ್ಚೆಂದರೆ ಆರು ಪರೀಕ್ಷೆ ಸಾಕು. ಪರೀಕ್ಷೆಗೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ: ಫ್ಯಾಟ್ 4.35 ಕೊಟ್ಟರೆ ದರಪಟ್ಟಿಯ 4.4ರ ಸಾಲಿನ ದರ ಬರಬೇಕು. ಬಂದರೆ ಸೊನ್ನೆ, ಬರದಿದ್ದರೆ ಒಂದು ವಾಪಸ್ ಕೊಡಬೇಕು. 'ಬೈಸೆಕ್ಟ್ ರನ್' ಅಂತ ಕೊಟ್ಟೆ. ಕಾರ್ಯದರ್ಶಿಗಳು ತರಿಸಿದ ಟೀ ಮುಗಿಯುವಷ್ಟರಲ್ಲಿ ತಪ್ಪಿದ ಕಮಿಟ್ ಸಿಕ್ಕಿತು.

ಅದು ನನ್ನದೇ ಕಮಿಟ್. ಸಂದೇಶ ಹೀಗಿತ್ತು: "ದರ ಹುಡುಕುವುದು ನಿಧಾನವಾಗಿದೆ. ಫ್ಯಾಟನ್ನು ನೂರರಿಂದ ಗುಣಿಸಿ ಪೂರ್ಣಾಂಕ ಮಾಡಿ ಹುಡುಕುತ್ತದೆ." ಕಾರಣ ಬರೆದಿದ್ದರಿಂದ ಏನಾಗಿದೆ ಅಂತ ತಕ್ಷಣ ಹೊಳೆಯಿತು. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. 4.35 ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ನೂರರಿಂದ ಗುಣಿಸಿದರೆ ಸಿಗುವುದು 434.99999999999994. ನಾನು ಅದನ್ನು ಹತ್ತಿರದ ಅಂಕಿಗೆ ತರದೆ ದಶಮಾಂಶ ಕತ್ತರಿಸಿದ್ದೆ. ಉಳಿದದ್ದು 434. ಅದು 4.3ರ ಸಾಲಿಗೆ ಇಳಿಯಿತು, ಅಜ್ಜಿಯ ದುಡ್ಡೂ ಇಳಿಯಿತು.

ಸರಿಮಾಡುವುದು ಒಂದೇ ಸಾಲು. ಆದರೆ ಮುಖ್ಯ ಬ್ರಾಂಚ್‌ನಲ್ಲಿ (ಕೋಡಿನ ಮುಖ್ಯ ಕವಲಿನಲ್ಲಿ) ಆಗ ಬ್ಯಾಂಕಿಗೆ ಕಳಿಸುವ ಪಟ್ಟಿಯ ಕೆಲಸ ಅರ್ಧಕ್ಕೆ ನಿಂತಿತ್ತು. ಅದನ್ನು ಡೈರಿಗೆ ಹಾಕುವಂತಿಲ್ಲ. ಹಾಗಾಗಿ 2.4.0 ಟ್ಯಾಗಿನಿಂದಲೇ ಒಂದು ಬ್ರಾಂಚ್ ತೆಗೆದೆ. ಆ ಒಂದು ಸಾಲು ಬದಲಿಸಿದೆ. ಪರೀಕ್ಷೆಯ ಸ್ಕ್ರಿಪ್ಟನ್ನೂ ಸೇರಿಸಿದೆ. 2.4.1 ಅಂತ ಟ್ಯಾಗ್ ಹಾಕಿ, ಸಂಜೆ ಹಾಲು ಬರುವ ಮೊದಲೇ ಇನ್‌ಸ್ಟಾಲ್ ಮಾಡಿದೆ. ಆಮೇಲೆ ಅದೇ ಕಮಿಟನ್ನು 'ಚೆರ್ರಿ ಪಿಕ್' ಮಾಡಿ ಮುಖ್ಯ ಬ್ರಾಂಚ್‌ಗೆ ತಂದೆ. ಈ ಕೊನೆ ಹೆಜ್ಜೆ ಮರೆತರೆ ತಪ್ಪು 2.5.0ರಲ್ಲಿ ಮತ್ತೆ ಎದ್ದು ಬರುತ್ತದೆ. ಫೀಡ್ ದುಡ್ಡಿನ ಕಥೆ ಆಗಿದ್ದೂ ಹಾಗೇ ಅಲ್ವಾ? ಮೂರು ದಿನದಲ್ಲಿ ಯಾರ್ಯಾರ ಹಾಲಿಗೆ ದರ ಕಮ್ಮಿ ಬಿತ್ತು ಅಂತ ಪಟ್ಟಿ ತೆಗೆದು ಕಾರ್ಯದರ್ಶಿಗಳಿಗೆ ಕೊಟ್ಟೆ. ವ್ಯತ್ಯಾಸದ ಹಣ ಆ ಬಟವಾಡೆಯಲ್ಲೇ ಸೇರಿತು.

ಈಗ ನಮ್ಮ ಗಮನ ಡೇಟಾಬೇಸ್ ಮೇಲೆ. ಕೋಡನ್ನು ಹಿಂದಿನ ಟ್ಯಾಗ್‌ಗೆ ತಿರುಗಿಸುವುದು ಸುಲಭ. ಟೇಬಲ್‌ಗೆ ಹೊಸ ಕಾಲಂ ಸೇರಿಸಿ, ಅದರಲ್ಲಿ ನಾಲ್ಕು ದಿನದ ಹಾಲಿನ ಲೆಕ್ಕ ಬಂದು ಕೂತ ಮೇಲೆ ವಾಪಸ್ ಹೋಗುವುದು ಸುಲಭ ಅಲ್ಲ. ಅದಕ್ಕೇ ಟೇಬಲ್ ಬದಲಾವಣೆಗಳನ್ನೂ ನಂಬರ್ ಹಾಕಿದ ಕಡತಗಳಾಗಿ ಗಿಟ್‌ನಲ್ಲೇ ಇಡುತ್ತಿದ್ದೇವೆ. ಮುಂದಕ್ಕೆ ಹೋಗುವ ಕಡತದ ಜೊತೆ ಹಿಂದಕ್ಕೆ ಬರುವ ಕಡತವೂ ಇರಲೇಬೇಕು. ಹೊಸ ಆವೃತ್ತಿ ಹಾಕುವ ಮೊದಲು ಡೇಟಾಬೇಸಿನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹೋಗುತ್ತದೆ. ಅದರ ಮೇಲೆ ಆವೃತ್ತಿಯ ನಂಬರು, ತಾರೀಕು ಬರೆದ ಚೀಟಿ ಅಂಟಿಸಿ, ಡೈರಿಯ ಬೀರುವಿನಲ್ಲೇ ಇಟ್ಟು ಬರುತ್ತೇವೆ.