ಬಿಸಿ ಬಸ್ಸು ಸ್ಟಾರ್ಟ್ ಆಗಲ್ಲ ಅನ್ನುವವರಿಗೆ: 78ರ ವೆಸ್ಟ್‌ಫಾಲಿಯಾ ಜೊತೆ ನನ್ನ ಅನುಭವ

ನನ್ನದು 1978ರ ಫೋಕ್ಸ್‌ವ್ಯಾಗನ್ ವೆಸ್ಟ್‌ಫಾಲಿಯಾ, ಅಂದರೆ ಕ್ಯಾಂಪರ್ ವ್ಯಾನ್, ನಮ್ಮ ಬಾಯಲ್ಲಿ ಬಸ್ಸು. ಎಂಜಿನ್ ಹಿಂದೆ ಇದೆ, ಗಾಳಿಯಿಂದಲೇ ತಣ್ಣಗಾಗುವಂಥದ್ದು. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. 2.0 ಲೀಟರ್ ಟೈಪ್ 4 ಎಂಜಿನ್, ಬಾಷ್ ಎಲ್-ಜೆಟ್ರಾನಿಕ್ ಇಂಜೆಕ್ಷನ್ (ಕಂಪ್ಯೂಟರ್ ಲೆಕ್ಕ ಹಾಕಿ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಹಾಗೇ ಇದೆ. ಇಂಜೆಕ್ಷನ್ ಕಿತ್ತು ಎರಡು ಕಾರ್ಬುರೇಟರ್ ಕೂರಿಸು, ಎಲ್ಲಾ ಸರಿಹೋಗುತ್ತದೆ ಅಂತ ಹೇಳಿದವರು ಬಹಳ ಜನ. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಗಾಡಿಗೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇಲ್ಲ, 78ಕ್ಕೆ ಇದೆ, ಇಂಜೆಕ್ಷನ್ ಕಿತ್ತರೆ ಅದರಲ್ಲಿ ಪಾಸಾಗಲ್ಲ. ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಿತು. ಈಗ ಅದೇ ಇಂಜೆಕ್ಷನ್ ಇಟ್ಟುಕೊಂಡು ಎಂಥಾ ಬಿಸಿಲಲ್ಲೂ ಸ್ಟಾರ್ಟ್ ಮಾಡುತ್ತೇನೆ. ಆಗಲ್ಲ ಅಂದವರ ಎದುರಿಗೇ ಮಾಡಿ ತೋರಿಸಿದ್ದೇನೆ.

ಒಂದು ವಿಷಯ ಮೊದಲೇ ಹೇಳಬೇಕು. ಹಾಟ್ ಸ್ಟಾರ್ಟ್ ತೊಂದರೆ ಅಂತ ಜನ ಎರಡು ಬೇರೆ ಕಾಯಿಲೆಗಳನ್ನು ಒಂದೇ ಹೆಸರಲ್ಲಿ ಕರೆಯುತ್ತಾರೆ. ಕೀ ತಿರುಗಿಸಿದರೆ ಟಕ್ ಅಂತ ಶಬ್ದ ಬಂದು ಸುಮ್ಮನಾಗುವುದು ಒಂದು. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ, ಇದು ಇನ್ನೊಂದು. ನನ್ನ ಬಸ್ಸಿಗೆ ಎರಡೂ ಇದ್ದವು. ಅದಕ್ಕೇ ದುಡ್ಡು ಅಷ್ಟು ಹೋಯಿತು.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಬ್ಯಾಟರಿ ಹಿಂದೆ, ಕೀ ಮುಂದೆ, ಸ್ಟಾರ್ಟರ್ ಮತ್ತೆ ಹಿಂದೆ. ನಲವತ್ತು ವರ್ಷ ದಾಟಿದ ವೈರು ಅಷ್ಟು ದೂರ ಹೋಗಿ ವಾಪಸ್ ಬರುವಷ್ಟರಲ್ಲಿ ವೋಲ್ಟೇಜ್ ಸೋರಿಹೋಗಿರುತ್ತದೆ. ಸ್ಟಾರ್ಟರನ್ನು ಚಾಲೂ ಮಾಡುವ ಸೊಲೆನಾಯ್ಡ್‌ಗೆ ಬಿಸಿಯಾದಾಗ ಬೇರೆ ಜಾಸ್ತಿ ಬೇಕು. ರೀಬಿಲ್ಟ್ ಸ್ಟಾರ್ಟರ್‌ಗೆ ಸುಮಾರು 110 ಡಾಲರ್ ಕೊಟ್ಟೆ, ಅದರ ಶಾಫ್ಟ್ ಕೂರುವ ಬುಶ್ ಕೂಡ ಬದಲಾಯಿಸಿದೆ, ಆದರೂ ಟಕ್. ಆಮೇಲೆ ಮೀಟರ್ ಹಿಡಿದು ನೋಡಿದರೆ ಕೀಯಿಂದ ವೈರು ಬಂದು ಸೇರುವ ಸೊಲೆನಾಯ್ಡ್‌ನ 50ನೇ ಟರ್ಮಿನಲ್‌ನಲ್ಲಿ ಎಂಟು ವೋಲ್ಟ್ ಚಿಲ್ಲರೆ. ಗೇರ್‌ಬಾಕ್ಸ್‌ನ ಅರ್ತ್ ಪಟ್ಟಿ ಉಜ್ಜಿ, ಸೊಲೆನಾಯ್ಡ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡಲು ಒಂದು ಸಾಧಾರಣ ಬಾಷ್ ರಿಲೇ ಫ್ಯೂಸ್ ಸಮೇತ ಹಾಕಿದ ಮೇಲೆ ಹನ್ನೊಂದರ ಹತ್ತಿರ ಬಂತು. ಖರ್ಚು ಹದಿನೈದು ಡಾಲರ್. ಟಕ್ ನಿಂತಿತು.

ಎರಡನೆಯದೇ ತಲೆ ತಿಂದಿದ್ದು.

ಫ್ರೀಮಾಂಟ್‌ನಿಂದ ಯೊಸೆಮಿಟಿ ನ್ಯಾಷನಲ್ ಪಾರ್ಕ್‌ಗೆ ಹೋಗುವಾಗ ದಾರಿಯ ಓಕ್‌ಡೇಲ್‌ ಊರಿನಲ್ಲಿ ಪೆಟ್ರೋಲ್ ಹಾಕಿಸಿ ಕಾಫಿ ಕುಡಿದು ಬಂದರೆ ಗಾಡಿ ಸತ್ತಂತೆ. ತಕ್ಷಣ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಒಂದೆರಡು ಗಂಟೆ ಬಿಟ್ಟರೂ ಆಗುತ್ತಿತ್ತು. ಹದಿನೈದು ನಿಮಿಷದಿಂದ ಮುಕ್ಕಾಲು ಗಂಟೆಯೊಳಗೆ ಮಾತ್ರ ಆಗುತ್ತಿರಲಿಲ್ಲ. ಪ್ರೀಸ್ಟ್ ಗ್ರೇಡ್ ಅನ್ನುವ ಕಡಿದಾದ ಏರು ಹತ್ತಿ ಗ್ರೋವ್‌ಲ್ಯಾಂಡಿನಲ್ಲಿ ನಿಲ್ಲಿಸಿದರೂ ಇದೇ ಕಥೆ. ಹೆಂಡತಿ ಮಕ್ಕಳು ಹಿಂದಿನ ಸೀಟಿನಲ್ಲಿ ಚಕ್ಕುಲಿ ತಿನ್ನುತ್ತಾ ಕಾಯುವುದಕ್ಕೆ ಒಗ್ಗಿಹೋಗಿದ್ದರು.

ಇಂಥ ಏರ್‌ಕೂಲ್ಡ್ ಎಂಜಿನ್ ಬಲ್ಲ ಮೆಕ್ಯಾನಿಕ್ ಒಬ್ಬರು ಇಗ್ನಿಷನ್ ಕಾಯಿಲ್ ಅಂದರು, ಹಾಕಿಸಿದೆ. ಎಂಜಿನ್ ಹೆಡ್‌ನ ಟೆಂಪರೇಚರ್ ಸೆನ್ಸರ್ ಅಂದರು, ಅದೂ ಆಯಿತು. ಕೊನೆಗೆ ಇಂಜೆಕ್ಷನ್ ಕಂಪ್ಯೂಟರ್ ಹೋಗಿರಬೇಕು ಅಂದಾಗ ಗಾಡಿ ವಾಪಸ್ ತಂದೆ. ಅಷ್ಟರಲ್ಲಿ ಸ್ಟಾರ್ಟರ್ ಸೇರಿ ಆರೇಳು ನೂರು ಡಾಲರ್ ಖಾಲಿ. ನಾನು ವೇಪರ್ ಲಾಕ್, ಅಂದರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟಿಕೊಂಡಿದೆ ಅಂದಾಗಲೆಲ್ಲ ಅವರದು ಒಂದೇ ಉತ್ತರ: "ಇಂಜೆಕ್ಷನ್ ಗಾಡಿಯಲ್ಲಿ ವೇಪರ್ ಲಾಕ್ ಆಗಲ್ಲ, ಪ್ರೆಶರ್ ಇರುತ್ತದಲ್ಲ." ಶಿರಾಡಿ ಘಾಟಿಯಲ್ಲಿ ಅಂಬಾಸಡರ್ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದನ್ನು ನೋಡಿ ಬೆಳೆದವನು ನಾನು, ಆ ಲಕ್ಷಣ ನನಗೆ ಗೊತ್ತಾಗುವುದಿಲ್ಲವೇ?

ಪ್ರೆಶರ್ ಇರುತ್ತದೆ ನಿಜ, ಎಂಜಿನ್ ಓಡುವಾಗ. ನಿಲ್ಲಿಸಿದ ಮೇಲೆ ಇರುತ್ತದಾ? ಗೇಜ್ ಹಾಕಿ ನೋಡಿದೆ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಓಡುವಾಗ) 28 ಪಿಎಸ್‌ಐ ಆಸುಪಾಸು, ಸರಿಯಾಗಿಯೇ ಇತ್ತು. ಆಫ್ ಮಾಡಿದ ಒಂದೆರಡು ನಿಮಿಷಕ್ಕೆ ಸೊನ್ನೆ. ಫ್ಯಾನ್ ನಿಂತಿದೆ, ಹೆಡ್‌ನ ಬಿಸಿ ಎಲ್ಲಾ ಮೇಲಕ್ಕೆ ಬರುತ್ತಿದೆ, ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪು) ಪ್ರೆಶರ್ ಇಲ್ಲ. ರೈಲಿಗೆ ಬಿಸಿ ಅಳೆಯುವ ಥರ್ಮೋಕಪಲ್ ಕಟ್ಟಿ ನೋಡಿದೆ. ನಿಲ್ಲಿಸಿದಾಗ ಐವತ್ತು ಡಿಗ್ರಿ ಇದ್ದದ್ದು ಇಪ್ಪತ್ತು ನಿಮಿಷಕ್ಕೆ ಎಂಬತ್ತರ ಹತ್ತಿರ. ಎಥನಾಲ್ ಬೆರೆಸಿದ ಇಲ್ಲಿನ ಪೆಟ್ರೋಲ್ ಅಷ್ಟು ಬಿಸಿಗೆ ಕುದಿಯದೆ ಇರುತ್ತದಾ? ಅದರ ಮೇಲೆ, ಹೆಡ್ ಸೆನ್ಸರ್ ತುಂಬಾ ಬಿಸಿ ಇದೆ ಅಂತ ಹೇಳಿದ್ದಕ್ಕೆ ಕಂಪ್ಯೂಟರ್ ಪೆಟ್ರೋಲ್ ಇನ್ನೂ ಕಮ್ಮಿ ಮಾಡುತ್ತದೆ. ಇಂಜೆಕ್ಟರ್‌ನಿಂದ ಬರುವುದು ಬರೀ ಆವಿ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಕೀ ಆನ್ ಮಾಡಿ, ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್‌ನ ಫ್ಲಾಪ್ ಕೈಯಿಂದ ತಳ್ಳಿ ಹಿಡಿದರೆ ಪಂಪ್ ಓಡುತ್ತದೆ. ಇಪ್ಪತ್ತು ಸೆಕೆಂಡ್ ಹಾಗೆ ಹಿಡಿದೆ. ಟ್ಯಾಂಕಿನ ತಣ್ಣನೆ ಪೆಟ್ರೋಲ್ ರೈಲು ಸುತ್ತಿ ಬಂತು. ಒಂದೇ ತಿರುವಿಗೆ ಎಂಜಿನ್ ಸ್ಟಾರ್ಟ್. ಹೆಂಡತಿಗೆ ಹೇಳಿದೆ, "ನೋಡು, ಕಂಪ್ಯೂಟರ್ ಅಂತೆ!"

ಪ್ರೆಶರ್ ಎಲ್ಲಿ ಸೋರುತ್ತಿದೆ ಅನ್ನುವುದಕ್ಕೆ ಹೋಸ್ ಹಿಸುಕುವ ಪರೀಕ್ಷೆ. ಆಫ್ ಮಾಡಿದ ಕೂಡಲೇ ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಹೋಸ್ ಹಿಸುಕಿದೆ, ಗೇಜಿನ ಮುಳ್ಳು ಬಿದ್ದೇಬಿತ್ತು. ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಸರಿ ಇದೆ ಅಂತಾಯಿತು. ಪಂಪ್ ಕಡೆಯ ಹೋಸ್ ಹಿಸುಕಿದೆ, ನಿಂತಿತು. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ, ಪಂಪಿನೊಳಗಿನ ಚೆಕ್ ವಾಲ್ವ್ ಸತ್ತಿದೆ. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಕೋಲ್ಡ್ ಸ್ಟಾರ್ಟ್ ವಾಲ್ವ್ ನೋಡಬೇಕಿತ್ತು. ಹಳೇ ಹೋಸ್ ಹಿಸುಕಿದರೆ ಸೀಳುತ್ತದೆ, ಅದಕ್ಕೆ ಮೊದಲೇ ಎಲ್ಲಾ ಹೋಸ್ ಇಂಜೆಕ್ಷನ್‌ಗೆಂದೇ ಇರುವ 30ಆರ್9 ಗುರುತಿನದಕ್ಕೆ ಬದಲಾಯಿಸಿದ್ದೆ. ಸುಮಾರು ಅರವತ್ತು ಡಾಲರ್. ಇದರಲ್ಲಿ ಉಳಿತಾಯ ಮಾಡಬೇಡಿ, ಈ ಬಸ್ಸುಗಳು ಸುಟ್ಟುಹೋಗುವುದು ಹಳೇ ಪೆಟ್ರೋಲ್ ಹೋಸಿನಿಂದಲೇ.

ಹೊಸ ಪಂಪ್ ಇನ್ನೂರು ಡಾಲರ್ ಸುತ್ತಮುತ್ತ ಇತ್ತು. ಪಂಪ್ ಚೆನ್ನಾಗಿ ತಳ್ಳುತ್ತಿದೆ, ಸುಮ್ನೆ ಯಾಕೆ ಬಿಸಾಕಬೇಕು ಅಂತ ಪಂಪ್ ಆದ ಮೇಲೆ ಹೋಸಿನಲ್ಲೇ ಒಂದು ಚೆಕ್ ವಾಲ್ವ್ ಕೂರಿಸಿದೆ. "ಪ್ರೆಶರ್ ಬೀಳುತ್ತದೆ, ಪಂಪ್ ಸುಟ್ಟುಹೋಗುತ್ತದೆ" ಅಂದರು ಕೆಲವರು. ಮೊದಲು ಹಾಕಿದ ಹತ್ತು ಡಾಲರಿನದು ಎಥನಾಲ್‌ಗೆ ಉಬ್ಬಿ ಕೆಲವೇ ವಾರದಲ್ಲಿ ಕೈಕೊಟ್ಟಿತು. ಎಥನಾಲ್ ತಡೆಯುವ ವೈಟಾನ್ ರಬ್ಬರಿನ ಸೀಲ್ ಇರುವುದು ಇಪ್ಪತ್ತೈದರ ಹತ್ತಿರ, ಅದು ಇನ್ನೂ ಇದೆ. ಐಡಲ್ ಪ್ರೆಶರ್ ಒಂದು ಕೂದಲೂ ಬದಲಾಗಿಲ್ಲ. ಆಫ್ ಮಾಡಿ ಅರ್ಧ ಗಂಟೆ ಬಿಟ್ಟರೂ ಗೇಜ್ ಹದಿನೈದರ ಮೇಲೇ ನಿಲ್ಲುತ್ತದೆ. ಪಂಪ್ ಸುಟ್ಟಿಲ್ಲ.

ಮುಕ್ಕಾಲು ಭಾಗ ಅಷ್ಟಕ್ಕೇ ಸರಿಹೋಯಿತು. ಉಳಿದದ್ದು ನಲವತ್ತು ಡಿಗ್ರಿ ಬಿಸಿಲಿನ ದಿನಗಳು. ಎಂಜಿನ್ ಸುತ್ತಲಿನ ರಬ್ಬರ್ ಸೀಲ್ ಒಂದು ಕಡೆ ಇರಲೇ ಇಲ್ಲ, ಕೆಳಗಿನ ಬಿಸಿ ಗಾಳಿ ಆ ಸಂದಿಯಿಂದ ಮೇಲೆ ಬಂದು ಫ್ಯಾನಿಗೇ ಹೋಗುತ್ತಿತ್ತು. ಹೊಸದು ಹಾಕಿದೆ, ನಲವತ್ತು ಡಾಲರ್. ಇನ್ನೊಂದು, ಪಂಪ್ ಓಡಿಸಲು ಡ್ಯಾಶ್ ಕೆಳಗೆ ಒಂದು ಬಟನ್. ಒತ್ತಿ ಹಿಡಿದರೆ ಮಾತ್ರ ಓಡುವ ಬಟನ್ ಆಗಿರಬೇಕು, ಸ್ವಿಚ್ ಬೇಡವೇ ಬೇಡ. ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು, ಬಾಷ್‌ನವರು ಅದಕ್ಕೇ ಆ ಫ್ಲಾಪಿನಲ್ಲಿ ಕಾಂಟ್ಯಾಕ್ಟ್ ಇಟ್ಟಿರುವುದು. ಇಂಜೆಕ್ಷನ್‌ಗೂ ಪಂಪಿಗೂ ಕರೆಂಟ್ ಕೊಡುವ ಡಬಲ್ ರಿಲೇಯ ಯಾವ ಪಿನ್‌ನಿಂದ ಲೈನ್ ತೆಗೆದೆ ಅಂತ ಇಲ್ಲಿ ಬರೆಯುವುದಿಲ್ಲ. ವೈರಿಂಗ್ ಡಯಾಗ್ರಾಂ ಓದಲು ಬಂದರೆ ನಿಮಗೇ ಸಿಗುತ್ತದೆ, ಬರದಿದ್ದರೆ ರಿಲೇ ಸುಟ್ಟು ನನ್ನನ್ನು ಬೈಯುತ್ತೀರಿ.

ನಡುವೆ ಆಟಗಳೂ ನಡೆದವು. ಪೆಟ್ರೋಲ್ ಪೈಪಿಗೆ ಬಟ್ಟೆ ಒಣಗಿಸುವ ಮರದ ಕ್ಲಿಪ್ ಸಾಲಾಗಿ ಹಾಕುವುದು ಇಲ್ಲಿನ ಹಳಬರ ನಂಬಿಕೆ. ಹಾಕಿ ಅಳೆದೆ, ಒಂದು ಡಿಗ್ರಿಯೂ ಇಳಿಯಲಿಲ್ಲ. ಒದ್ದೆ ಬಟ್ಟೆ ಕೆಲಸ ಮಾಡಿತು, ಆದರೆ ಓಕ್‌ಡೇಲ್ ಬಂಕಿನಲ್ಲಿ ಯಾರು ಬಟ್ಟೆ ಒದ್ದೆ ಮಾಡುತ್ತಾ ಕೂರುತ್ತಾರೆ. ಹೆಡ್ ಸೆನ್ಸರ್ ಲೈನಿಗೆ ರೆಸಿಸ್ಟರ್ ಸೇರಿಸಿ ಪೆಟ್ರೋಲ್ ಜಾಸ್ತಿ ಬರುವಂತೆ ಮಾಡಿದೆ. ಬಿಸಿಯಲ್ಲಿ ಚೆನ್ನಾಗಿ ಸ್ಟಾರ್ಟ್ ಆಯಿತು, ಪ್ಲಗ್ ಕಪ್ಪಾಯಿತು, ಮೈಲೇಜ್ ಗ್ಯಾಲನ್‌ಗೆ ಹದಿನೆಂಟು ಮೈಲಿಯಿಂದ ಹದಿನೈದಕ್ಕೆ ಬಿತ್ತು, ಕಿತ್ತೆ. ಗಾಡಿ ನಿಲ್ಲಿಸಿದ ಕೂಡಲೇ ಹಿಂದಿನ ಎಂಜಿನ್ ಬಾಗಿಲು ಎತ್ತಿಡುವುದು ಮಾತ್ರ ಪುಕ್ಕಟೆ ಔಷಧಿ, ರೈಲು ಹತ್ತು ಡಿಗ್ರಿಯಾದರೂ ಕಮ್ಮಿ ಇರುತ್ತದೆ.

ಚಳಿಗಾಲದಲ್ಲೂ ಎಚ್ಚರ ಬೇಕು. ಆಗ ಬಂಕಿನಲ್ಲಿ ಕೊಡುವುದು ಬೇಗ ಆವಿಯಾಗುವ ಪೆಟ್ರೋಲ್. ಫೆಬ್ರವರಿ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಬಿಸಿಲು ಏರಿದ ದಿನ ಬಸ್ಸು ಆಗಸ್ಟ್‌ಗಿಂತ ಕೆಟ್ಟದಾಗಿ ಆಡುತ್ತದೆ. ಅಂಥ ದಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಕಮ್ಮಿ ಪೆಟ್ರೋಲ್ ಇದ್ದರೆ ರಿಟರ್ನ್ ಬಂದದ್ದೇ ಸುತ್ತಿ ಸುತ್ತಿ ಟ್ಯಾಂಕೇ ಬಿಸಿಯಾಗುತ್ತದೆ, ಆಗ ಬಟನ್ ಒತ್ತಿದರೂ ರೈಲಿಗೆ ಬರುವುದು ಬಿಸಿ ಪೆಟ್ರೋಲೇ.

ಕೆಲಸಕ್ಕೆ ಬಂದ ಸಾಮಾನುಗಳದ್ದೆಲ್ಲ ಸೇರಿ ನೂರೈವತ್ತು ಡಾಲರ್ ಆಗಿರಬಹುದು. ಈಗ ಓಕ್‌ಡೇಲ್‌ನಲ್ಲಿ ನಿಲ್ಲಿಸಿದರೆ ಬಟನ್ ಒತ್ತಿ ಹಿಡಿದು ಹದಿನೈದರವರೆಗೆ ಎಣಿಸುತ್ತೇನೆ, ಕೀ ತಿರುಗಿಸುತ್ತೇನೆ. ತೀರಾ ಬಿಸಿ ಇದ್ದರೆ ಮೊದಲ ಅರ್ಧ ನಿಮಿಷ ಸ್ವಲ್ಪ ಮುಗ್ಗರಿಸುತ್ತದೆ. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಕಿತ್ತು ಆ ಹೋಸಿನ ಬಾಯಿ ಮುಚ್ಚಿದರೆ ಪ್ರೆಶರ್ 35ಕ್ಕೆ ಏರಿ ಅದೂ ನಿಲ್ಲುತ್ತದೆ. ಅದಕ್ಕೊಂದು ಸಣ್ಣ ವಾಲ್ವ್ ಜೋಡಿಸುವ ಕೆಲಸ ಈ ಬೇಸಿಗೆಗೆ ಇಟ್ಟುಕೊಂಡಿದ್ದೇನೆ.