ಹಂಗೇರಿಯ ಬಯಲಿನ ಊರು ಹೇಗೆ ಹುಟ್ಟಿತು ಅಂತ ಪತ್ತೆ ಮಾಡುವುದು

ಸರ್ವೆ ಕೆಲಸದಲ್ಲೇ ತಲೆ ನರೆತವನು ನಾನು. ಯಾವ ಊರಿನ ಚರಿತ್ರೆ ಬೇಕೆಂದರೂ ಮೊದಲು ನಕ್ಷೆ ಬಿಚ್ಚುತ್ತೇನೆ. ಹಂಗೇರಿಯ ಮಹಾಬಯಲಿನ ಊರುಗಳಿಗಂತೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕೊರೊಶ್ ನದಿ ದಂಡೆಯ ಸಾರ್ವಾಶ್ ಊರನ್ನೇ ನೋಡೋಣ.

ಅರ್ಕಾನಮ್ ಮ್ಯಾಪ್ಸ್ ಎಂಬ ಜಾಲತಾಣದಲ್ಲಿ 1780ರ ದಶಕದ ಮೊದಲ ಸೈನಿಕ ಸರ್ವೆ ನಕ್ಷೆ ಸಿಗುತ್ತದೆ. ಅದರ ಪಕ್ಕ ಇವತ್ತಿನ ನಕ್ಷೆ ಇಟ್ಟುಕೊಳ್ಳಿ. ಈಗಿನ ಬೀದಿಗಳು ಚದುರಂಗದ ಮಣೆಯಂತೆ ಚೌಕ ಚೌಕ. ತಾನಾಗಿ ಬೆಳೆದ ಊರಿಗೆ ಇಂಥ ಬೀದಿ ಬರುವುದಿಲ್ಲ, ಯಾರೋ ಕೂತು ಅಳೆದು ಹಾಕಿದ್ದಾರೆ. ಇಲ್ಲಿ ಆ ಕೆಲಸ ಮಾಡಿಸಿದವರು ಸಾಮುಯೆಲ್ ಟೆಶೆದಿಕ್, 1767ರಲ್ಲಿ ಬಂದ ಲುಥೆರನ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಪಾದ್ರಿ. ಸವುಳು ನೆಲ ಸರಿಪಡಿಸಿದರು, ರೈತರ ಮಕ್ಕಳಿಗೆ 1780ರಲ್ಲಿ ಬೇಸಾಯದ ಶಾಲೆ ತೆರೆದರು. ಇಂಥವರ ಬಗ್ಗೆ ಓದಿದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ಮುಂದಿನ ಪ್ರಶ್ನೆ: ಇದಕ್ಕೂ ಮುಂಚೆ ಇಲ್ಲಿದ್ದ ಹಳೇ ಊರು ಎಲ್ಲಿ ಹೋಯಿತು? ತುರ್ಕರ ಆಳ್ವಿಕೆ, ಅದನ್ನು ಕೊನೆಗಾಣಿಸಿದ ಯುದ್ಧಗಳಲ್ಲಿ ಈ ಸೀಮೆ ಹೆಚ್ಚುಕಡಿಮೆ ಖಾಲಿಯಾಗಿತ್ತು. ಸೈನ್ಯಕ್ಕೆ ಸಾಮಾನು ಪೂರೈಸುತ್ತಿದ್ದ ಹಾರುಕರ್ನ್ ಎಂಬವನ ಕೈಗೆ ಸಾರ್ವಾಶ್ ಇರುವ ಬೇಕೇಶ್ ಸೀಮೆಯ ಜಮೀನು ಬಂತು. ನೆಲ ಇತ್ತು, ಉಳುವವರಿಲ್ಲ. 1722ರಲ್ಲಿ ಉತ್ತರದಿಂದ ಸ್ಲೊವಾಕ್ ಲುಥೆರನ್ನರು ಬಂದು ನೆಲೆಯೂರಿದರು. ಅವರಿಗೆ ಹೊಲವೂ ಬೇಕಿತ್ತು, ತಮ್ಮ ಮತ ಪಾಲಿಸುವ ಜಾಗವೂ ಬೇಕಿತ್ತು.

ಬಂದವರು ಯಾವ ಕಡೆಯವರು ಅಂತ ತಿಳಿಯಲು ಮನೆತನದ ಹೆಸರು ನೋಡಿ. ಲಿಪ್ತಾಕ್ ಅಂದರೆ ಲಿಪ್ತೋ ಕಡೆಯವರು, ಒರಾವೆತ್ಸ್ ಅಂದರೆ ಒರಾವಾ ಕಡೆಯವರು; ಎರಡೂ ಈಗಿನ ಸ್ಲೊವಾಕಿಯಾದ ಸೀಮೆಗಳು. ಇದು ಸುಳಿವು ಮಾತ್ರ, ಚರ್ಚಿನ ಜನನ ಮರಣ ಪುಸ್ತಕದ ಜೊತೆ ತಾಳೆ ನೋಡಲೇಬೇಕು. ಸರ್ಕಾರಿ ನೋಂದಣಿ ಶುರುವಾಗಿದ್ದು 1895ರ ಅಕ್ಟೋಬರ್‌ನಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕವೇ ಗತಿ.

ಚರ್ಚ್ ಕಟ್ಟಡದ ಇಸವಿಯನ್ನು ಮಾತ್ರ ಊರಿನ ಇಸವಿ ಅಂದುಕೊಳ್ಳಬೇಡಿ. ಸಾರ್ವಾಶ್‌ನ ಹಳೇ ಲುಥೆರನ್ ಚರ್ಚ್ ಕಟ್ಟಿದ್ದು 1786–88ರಲ್ಲಿ, ಜನ ಬಂದು ಅರವತ್ತು ವರ್ಷ ದಾಟಿದ ಮೇಲೆ. 1781ರಲ್ಲಿ ಎರಡನೇ ಜೋಸೆಫ್ ದೊರೆ ಪ್ರೊಟೆಸ್ಟೆಂಟರಿಗೆ ಪೂಜೆಯ ಸ್ವಾತಂತ್ರ್ಯ ಕೊಟ್ಟ ಮೇಲೆಯೇ ಇಂಥ ದೊಡ್ಡ ಚರ್ಚುಗಳು ಎದ್ದವು.

ಬಂದವರನ್ನಷ್ಟೇ ಹುಡುಕಿದರೆ ಸಾಲದು. ಒಂದು ಮನೆತನ 1753ರ ಆಸುಪಾಸು ದಾಖಲೆಯಿಂದ ಮರೆಯಾದರೆ ಹಂಗೇರಿಯ ಈಶಾನ್ಯದ ನೀರೆಜ್‌ಹಾಜಾ ಊರಿನ ಚರ್ಚ್ ಪುಸ್ತಕ ನೋಡಿ. ಅಲ್ಲಿನ ಜಮೀನುದಾರ ಕೌಂಟ್ ಕಾರೊಯಿ ಕರೆದಾಗ ಇಲ್ಲಿಂದ ಬಹಳ ಜನ ಅಲ್ಲಿಗೆ ಹೋದರು. 1947ರ ಹೊತ್ತಿಗೆ ಮರೆಯಾದರೆ ಸ್ಲೊವಾಕಿಯಾದಲ್ಲಿ ಹುಡುಕಿ. ಹಂಗೇರಿ ಮತ್ತು ಆಗಿನ ಚೆಕೊಸ್ಲೊವಾಕಿಯಾ ನಡುವಿನ ಜನರ ಅದಲುಬದಲಿನಲ್ಲಿ ಹೋದವರಿರಬಹುದು.